ಗುಂಡಿ ಅಕ್ಕ ಬಿಚ್ಚಿದ ಹೊಲಿಗೆ

ಓಯ್, ಆ ಬದಿಯ ಮಹಡಿಯವರೇ, ಸೈಕಲ್ ಹಿಡಿದು ನಿಂತವರೇ, ಒಂದು ಗಳಿಗೆ ಕಿವಿ ಇತ್ತ ಕೊಡಿ. ಪ್ಯಾಂಟು ಉದ್ದವಾದಾಗ, ಅಂಗಿ ಬಿಗಿಯಾದಾಗ ಯಾರ ಹತ್ತಿರ ಓಡುತ್ತೀರಿ? ಗುಂಡಿ ಅಕ್ಕನ ಹತ್ತಿರ ತಾನೇ? ಅವಳ ಕತೆ ಇದು.

ಅವಳದು ಮೆಟ್ಟಿಲ ಕೆಳಗಿನ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಗೆ ಎರಡು ಸರಳು. ಒಂದರಲ್ಲಿ ಆಗಬೇಕಾದ ಬಟ್ಟೆ, ಇನ್ನೊಂದರಲ್ಲಿ ಆದ ಬಟ್ಟೆ. ಹೊಸದಾಗಿ ಹೊಲಿಯುವವಳಲ್ಲ, ಹೊಲಿದದ್ದನ್ನು ಬಿಚ್ಚಿ ಸರಿಮಾಡುವವಳು. ಗಿರಾಕಿ ಗಾಬರಿಯಾದರೆ, "ಬಿಚ್ಚಿದ್ರೆ ಬಟ್ಟೆ ಎಲ್ಲೂ ಓಡಿ ಹೋಗಲ್ಲ, ಕೂತ್ಕೊಳ್ಳಿ" ಎನ್ನುತ್ತಿದ್ದಳು.

ಜೊತೆಗಿದ್ದದ್ದು ತಂಗಿಯೊಬ್ಬಳೇ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮಡಿಲಲ್ಲೇ ಬೆಳೆದವಳು. ನಿಂತಲ್ಲಿ ನಿಲ್ಲದ ಜೀವ, ಅದಕ್ಕೇ ಅಕ್ಕ ಕರೆಯುತ್ತಿದ್ದದ್ದು ಇಲಿಮರಿ ಎಂದು. ಹಗಲು ಔಷಧಿ ಅಂಗಡಿಯ ಕೆಲಸ, ಸಂಜೆ ವೆಬ್‌ಸೈಟ್ ಮಾಡುವುದನ್ನು ಕಲಿಸುವ ಕ್ಲಾಸು. ಒಂದು ದಿನ ಅವಳು ತನ್ನ ಹಳೇ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲೆ ತೆರೆದಿಟ್ಟಳು.

"ಇದ್ರೊಳಗೆ ಇನ್ನೊಂದು ಕಂಪ್ಯೂಟರ್ ಮಾಡ್ತಿದೀನಿ ಅಕ್ಕ. ವರ್ಚುವಲ್ ಮಷೀನ್ ಅಂತಾರೆ."

"ಮೊದ್ಲೇ ಮುದುಕಿ ಅದು. ಈಗ ಬಸುರಿ ಬೇರೆ ಮಾಡ್ತೀಯಾ?"

"ನಗಬೇಡ. ಒಳಗಿರೋದು ಸುಮ್ನೆ ತೋರಿಕೆ ಮಷೀನು. ಅದನ್ನ ಎಷ್ಟು ಕೆಡಿಸಿದ್ರೂ ಹೊರಗಿಂದಕ್ಕೆ ಏನೂ ಆಗಲ್ಲ. ನನ್ನಂಥ ಹೊಸಬರಿಗೆ ಇದೇ ಸರಿ."

ಮೆಮೊರಿಯಲ್ಲಿ ಅರ್ಧವನ್ನು ಒಳಗಿನ ಯಂತ್ರಕ್ಕೆ ಕೊಟ್ಟಳು. ಡಿಸ್ಕಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಳು. ಲಿನಕ್ಸ್ ಹಾಕಿದಳು, ಕೇಳಿದ ಪುಟವನ್ನು ತಂದು ತೋರಿಸುವ ಸರ್ವರ್ ಹಾಕಿದಳು. ಫ್ಯಾನು ಗೊರಗೊರ ಎನ್ನುತ್ತಿತ್ತು. ಎಲ್ಲ ಮುಗಿದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಳು.

"ಮಷೀನು ಈಗ ಹೆಂಗಿದೆಯೋ ಅದರ ಗುರುತು ಇದು. ಮುಂದೆ ಏನಾದ್ರೂ ಕೆಟ್ರೆ ಇಲ್ಲಿಗೆ ವಾಪಸ್ ಬರಬಹುದು. ನೀನು ಹೊಲಿಗೆ ಬಿಚ್ತೀಯಲ್ಲ, ಹಂಗೆ."

ಅವಳು ಹೇಳಿದ್ದರಲ್ಲಿ ಅದೊಂದು ಮಾತು ಅಕ್ಕನ ತಲೆಗೆ ಚೆನ್ನಾಗಿ ಹೋಯಿತು. ಹೋಗದೇ ಇದ್ದಿದ್ದರೆ ಒಳ್ಳೆಯದಿತ್ತು.

ಆಮೇಲೆ ದಿನವೂ ಅಕ್ಕನ ಪಕ್ಕ ಕೂತು ತಂಗಿ ಆ ಒಳಗಿನ ಯಂತ್ರದಲ್ಲಿ ಅಂಗಡಿಗೆಂದು ಒಂದು ಪುಟ ಕಟ್ಟತೊಡಗಿದಳು. ಮೊದಲು ಕಪ್ಪು ಕಿಟಕಿಯೊಂದರಲ್ಲಿ ಏನೋ ಟಕಟಕ ಬಡಿಯುತ್ತಿದ್ದಳು, ಆಗೆಲ್ಲ ಅಕ್ಕನ ಕಣ್ಣು ಸೂಜಿಯ ಮೇಲೆ. ಆಮೇಲೆ ಪುಟ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಅಕ್ಕನ ಬಗ್ಗೆಯೇ ಬರೆದದ್ದಿತ್ತು. ಅಕ್ಕ ಕತ್ತು ಚಾಚಿದರೆ ಲ್ಯಾಪ್‌ಟಾಪ್ ಆ ಕಡೆ ತಿರುಗುತ್ತಿತ್ತು.

"ಮೊದ್ಲು ನನ್ನ ಜಾಕೆಟ್ಟಿಗೆ ಜಿಪ್ ಹಾಕು. ಆಮೇಲೆ ಓದು."

"ಊರಿನವರ ಕೆಲ್ಸಾನೇ ತಲೆ ಮೇಲಿದೆ. ನಿಂದು ಆಮೇಲೆ ಕಣೇ."

"ಹಂಗಾದ್ರೆ ನಂದೂ ಆಮೇಲೆ."

ನೀಲಿ ಜಾಕೆಟ್ಟು ಆಗಬೇಕಾದ ಬಟ್ಟೆಗಳ ಸರಳಿನ ಕೊನೆಯಲ್ಲಿ ತೂಗುತ್ತಲೇ ಇತ್ತು. ಅಷ್ಟರಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದ ತಂಗಿ ಮತ್ತೆ ಮನೆಗೆ ಬರಲಿಲ್ಲ.

ಅಂಗಡಿ ಬಹಳ ದಿನ ಮುಚ್ಚಿತ್ತು. ಬಾಗಿಲು ತೆಗೆದ ದಿನ ಅಕ್ಕ ಮೊದಲು ಮಾಡಿದ್ದು ಲ್ಯಾಪ್‌ಟಾಪಿನ ಧೂಳು ಒರೆಸಿದ್ದು. ತಂಗಿ ತನ್ನ ಬಗ್ಗೆ ಏನು ಬರೆದಿದ್ದಾಳೆಂದು ಒಮ್ಮೆ ಓದಬೇಕು, ಅಷ್ಟೇ ಆಸೆ. ಪಾಸ್‌ವರ್ಡ್ ಗೊತ್ತಿತ್ತು, ಅವರಿಬ್ಬರ ನಡುವೆ ಬೀಗವೆಂಬುದೇ ಇರಲಿಲ್ಲ. ಒಳಗಿನ ಯಂತ್ರ ಎದ್ದಿತು. ಬ್ರೌಸರಿನಲ್ಲಿ ತಂಗಿ ಒತ್ತುತ್ತಿದ್ದ ಜಾಗ ಒತ್ತಿದಳು. ಈ ಪುಟವನ್ನು ತೆರೆಯಲಾಗುತ್ತಿಲ್ಲ ಎಂದು ಬಂತು. ಆರಿಸಿ ಮತ್ತೆ ಹಚ್ಚಿದಳು. ಅದೇ ಮಾತು.

ಎಲ್ಲೋ ಹೊಲಿಗೆ ತಪ್ಪಿದೆ ಎಂದುಕೊಂಡಳು. ಬಿಚ್ಚಿದರಾಯಿತು. ಸ್ನ್ಯಾಪ್‌ಶಾಟ್ ಹುಡುಕಿದಳು, ಇದ್ದದ್ದು ಒಂದೇ. ಹಿಂದಕ್ಕೆ ಹೋಗುವ ಮೊದಲು ಈಗಿನ ಸ್ಥಿತಿಯನ್ನೂ ಉಳಿಸಿಕೊಳ್ಳಲೇ ಎಂದು ಯಂತ್ರ ಕೇಳಿತು, ಟಿಕ್ ತಾನೇ ಹಾಕಿಟ್ಟಿತ್ತು. ಕೆಟ್ಟ ಹೊಲಿಗೆಯ ದಾರವನ್ನು ಯಾರಾದರೂ ಎತ್ತಿಡುತ್ತಾರೆಯೇ? ಅಕ್ಕ ಟಿಕ್ ತೆಗೆದಳು. ಒತ್ತಿದಳು.

ಯಂತ್ರ ಹೊಸ ಬಟ್ಟಲಿನಂತೆ ಸ್ವಚ್ಛವಾಗಿ ಎದ್ದಿತು. ಪುಟವಿದ್ದ ಫೋಲ್ಡರೇ ಇರಲಿಲ್ಲ.

ಅಕ್ಕ ಹೇಳಿಕಳಿಸಿದ್ದಕ್ಕೆ ಮರುದಿನ ಸಂಜೆ ತಂಗಿಯ ಕ್ಲಾಸಿನ ಗೆಳತಿ ಬಂದಳು, ದಪ್ಪ ಕನ್ನಡಕದ ಹುಡುಗಿ. ಲ್ಯಾಪ್‌ಟಾಪಿನ ಮೂಲೆಮೂಲೆ ತಡಕಿ ನೋಡಿ, ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ ಕೂತಳು.

"ಬೇರೆ ಕಡೆ ಒಂದು ಕಾಪಿ ಇಡು ಅಂತ ಮೇಷ್ಟ್ರು ಬಡ್ಕೋತಾನೇ ಇದ್ರು ಅಕ್ಕ. ಮುಗೀಲಿ, ಇಡ್ತೀನಿ ಅಂತಿದ್ಲು."

"ಪುಟ ಹಾಳಾಗಿತ್ತು ಅಲ್ವಾ? ತೆರೀತಾನೇ ಇರ್ಲಿಲ್ಲ."

ಹುಡುಗಿ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದಳು.

"ಹೇಳಮ್ಮ. ಬಟ್ಟೆ ಕೆಟ್ಟಿರ್ಲಿಲ್ಲ ಅಲ್ವಾ?"

"ಇಲ್ಲ ಅಕ್ಕ. ಮಷೀನ್ ಹಚ್ಚಿದ ಮೇಲೆ ಸರ್ವರನ್ನೂ ನಾವೇ ಹಚ್ಚಬೇಕು. ಒಂದು ಸಾಲು ಟೈಪ್ ಮಾಡ್ಬೇಕಿತ್ತು."

"ಎಲ್ಲಿ, ಮಾಡು ನೋಡೋಣ."

ಹುಡುಗಿ ಕಪ್ಪು ಕಿಟಕಿ ತೆರೆದು ಟಕಟಕ ಬಡಿದಳು. ಅದೇ ಸದ್ದು. ಈ ಸಲ ಅಕ್ಕನ ಕಣ್ಣು ಆ ಬೆರಳುಗಳ ಮೇಲೇ ಇತ್ತು. ಬ್ರೌಸರಿನಲ್ಲಿ ಬಿಳೀ ಪುಟವೊಂದು ತೆರೆದುಕೊಂಡಿತು, ಒಳಗೆ ಏನೂ ಇಲ್ಲ.

"ಇಷ್ಟೇನಾ?"

"ಇಷ್ಟೇ ಅಕ್ಕ."

ಆ ಬಿಳಿಯನ್ನೇ ನೋಡುತ್ತಾ ಅಕ್ಕ ಕೇಳಿದಳು, "ನನ್ನ ಬಗ್ಗೆ ಏನು ಬರ್ದಿದ್ಲು? ಒಂದು ಮಾತಾದ್ರೂ ನೆನಪಿದೆಯಾ?"

"ನಂಗೂ ಓದೋಕೆ ಬಿಡ್ಲಿಲ್ಲ. ಮೊದ್ಲು ಅಕ್ಕ ನೋಡ್ಲಿ, ಆಮೇಲೆ ಊರು ಅಂತ ಕೈ ಅಡ್ಡ ಇಡ್ತಿದ್ಲು. ಬರೀತಾ ಬರೀತಾ ಒಬ್ಳೇ ನಗೋಳು, ಅಷ್ಟೇ ಗೊತ್ತು."

"ನಗ್ತಿದ್ಲಾ?"

"ಹೂಂ. ಕ್ಲಾಸಲ್ಲಿ ಬೈಸ್ಕೊಳ್ಳೋಷ್ಟು."

ಹುಡುಗಿ ಹೊಸದಾಗಿ ಕಟ್ಟೋಣ ಎಂದಳು, ತಾನೇ ಹೇಳಿಕೊಡುತ್ತೇನೆ ಎಂದಳು. ಅಕ್ಕ ತಲೆಯಾಡಿಸಿದಳು, ಹೂಂ ಎಂದೋ ಊಹೂಂ ಎಂದೋ ಹುಡುಗಿಗೆ ತಿಳಿಯಲಿಲ್ಲ. ಅವಳನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದು ಒಳಗಿನ ಯಂತ್ರವನ್ನು ಮೊದಲು ಆರಿಸಿದಳು, ಆಮೇಲೆ ಹೊರಗಿನದನ್ನು.

ಸರಳಿನ ಕೊನೆಯಿಂದ ನೀಲಿ ಜಾಕೆಟ್ಟು ಇಳಿಸಿದಳು. ಹಲ್ಲು ಉದುರಿದ ಹಳೇ ಜಿಪ್ಪನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದಳು. ಬಟ್ಟೆ ಎಲ್ಲೂ ಓಡಿ ಹೋಗಲಿಲ್ಲ. ನೀಲಿ ದಾರ ಪೋಣಿಸಿ ಹೊಸ ಜಿಪ್ ಹಾಕಿ, ಕೆಳಗಿನಿಂದ ಕತ್ತಿನವರೆಗೆ ಎಳೆದು, ಇಳಿಸಿ, ಮತ್ತೆ ಎಳೆದು ನೋಡಿದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇಸ್ತ್ರಿ ಮಾಡಿ, ಆದ ಬಟ್ಟೆಗಳ ಸರಳಿಗೆ ತೂಗುಹಾಕಿ, ಅಂಗಡಿಯ ದೀಪ ಆರಿಸಿದಳು.