ಜಿಡ್ಡಣ್ಣನ ರಕ್ತ

ನನ್ನ ತಂಗಿಯ ಗಂಡನನ್ನು ಎಲ್ಲರೂ ಜಿಡ್ಡಣ್ಣ ಎಂದೇ ಕರೆಯುತ್ತಾರೆ. ಹೋಟೆಲಿನ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆದ ನೀರಿನ ಕೊಬ್ಬೆಲ್ಲ ತೇಲಿ ನಿಲ್ಲುವ ಗುಂಡಿಗೆ ಇಳಿದು ಬಳಿಯುವುದು ಅವನ ಕೆಲಸ. ಮುಚ್ಚಳ ಎತ್ತಿದರೆ ಹಳದಿ ಹೆಪ್ಪು. ಅದರೊಳಗೆ ಕೂದಲು, ಎಲುಬು, ಊದಿಕೊಂಡ ಬ್ರೆಡ್ಡು. ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ನನಗೆ ಅವನು ಗುಂಡಿಗೆ ಇಳಿದ ದಿನ ತುತ್ತು ಇಳಿಯುತ್ತಿರಲಿಲ್ಲ.

ಕುಡಿಯದೆ ಅವನು ಇಳಿದವನೇ ಅಲ್ಲ. ಧಣಿಯೇ ಬಾಟಲಿ ಕೊಡುತ್ತಿದ್ದ. "ಹಾಕ್ಕೋ, ಮೂಗು ಸತ್ತುಹೋಗುತ್ತೆ." ಮೈಗೆ ಹೊಕ್ಕ ಜಿಡ್ಡನ್ನು ಸಾರಾಯಿ ಕತ್ತರಿಸುತ್ತದೆ ಎಂಬುದು ಆ ಕೆಲಸದವರೆಲ್ಲರ ನಂಬಿಕೆ. ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ಹಿಂದೊಮ್ಮೆ ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆಗಳನ್ನು, ನೋವೇ ಇಲ್ಲವಲ್ಲ ಎಂದು ಅವನು ಬಿಟ್ಟುಬಿಟ್ಟಿದ್ದ.

ಒಂದು ಮಧ್ಯಾಹ್ನ ಉಂಡು ಎದ್ದವನು ಹೊಕ್ಕುಳ ಮೇಲೆ ಕೈಯೊತ್ತಿ ಕುಸಿದ. ನೋವು ಬೆನ್ನಿಗೂ ಇರಿಯುತ್ತಿತ್ತು.

"ಗುಂಡಿಯ ವಿಷ ಒಳಗೆ ಹೋಗಿದೆ ಕಣಕ್ಕಾ" ಎಂದು ತಂಗಿ ಇನ್ನೊಂದು ಲೋಟ ಸಾರಾಯಿ ಕುಡಿಸಿದಳು. ನಾನೇ ತಲೆ ಹಿಡಿದುಕೊಂಡಿದ್ದೆ. ಕುಡಿದದ್ದರ ಜತೆಗೆ ಹಸಿರು ಪಿತ್ತವನ್ನೂ ನನ್ನ ಮಡಿಲಿಗೆ ಕಕ್ಕಿದ.

ಆಸ್ಪತ್ರೆಯಲ್ಲಿ ರಕ್ತ ತೆಗೆದ ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಗಾಜಿನ ನಳಿಕೆ ತಂದು ತೋರಿಸಿದರು. ಕೆಂಪು ತಳಕ್ಕಿಳಿದು, ಮೇಲೆ ಬಿಳಿ ಕೆನೆ ದಪ್ಪಗೆ ನಿಂತಿತ್ತು.

"ಇದು ನನ್ನ ಗುಂಡೀದಲ್ವಾ ತಾಯಿ?" ಎಂದು ನರಳುತ್ತಲೇ ಕೇಳಿದ ಜಿಡ್ಡಣ್ಣ.

"ನಿನ್ನ ರಕ್ತದ್ದೇ ಮಾರಾಯ. ಈ ಕೊಬ್ಬನ್ನ ಟ್ರೈಗ್ಲಿಸರೈಡ್ ಅಂತೀವಿ. ಹೊಟ್ಟೆ ಹಿಂದೆ ಮೇದೋಜೀರಕ ಗ್ರಂಥಿ ಇದೆ, ಕೊಬ್ಬು ಒಡೆಯೋ ರಸ ಮಾಡೋದು ಅದೇ. ರಕ್ತದಲ್ಲಿ ಇಷ್ಟೊಂದು ಕೊಬ್ಬಿದ್ರೆ ಆ ರಸ ಅಲ್ಲೇ ಅದನ್ನ ಒಡೆಯುತ್ತೆ. ಒಡೆದಾಗ ಹುಟ್ಟೋ ಆಮ್ಲ ಗ್ರಂಥಿಯನ್ನೇ ಸುಡುತ್ತೆ. ರಕ್ತಾನೂ ಮಂದವಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ."

"ಸಾರಾಯಿ ಅದನ್ನ ಕರಗಿಸಲ್ವಾ?" ಎಂದಳು ತಂಗಿ.

"ಕರಗಿಸೋದಾ? ಕುಡಿದಷ್ಟೂ ಪಿತ್ತಜನಕಾಂಗ ಇನ್ನೂ ಕೊಬ್ಬು ಮಾಡಿ ರಕ್ತಕ್ಕೆ ಸುರಿಯುತ್ತೆ. ಮತ್ತೆ ಕುಡಿದು ಹೀಗೇ ಬಂದ್ರೆ, ಉಳಿಸ್ತೀನಿ ಅಂತ ಮಾತು ಕೊಡಲಾರೆ."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಯಿಗೆ ಏನೂ ಕೊಡದೆ, ನರಕ್ಕೆ ಹನಿಹನಿಯಾಗಿ ನೀರು ಹರಿಸಿ ಅವನನ್ನು ಉಳಿಸಿದರು. ಅಷ್ಟು ದಿನವೂ ನಾನು ದೇವರಲ್ಲಿ ಬೇರೇನನ್ನೂ ಬೇಡಲಿಲ್ಲ.

ಮಾತ್ರೆ, ಸಪ್ಪೆ ಊಟ, ನಡಿಗೆ ಎಲ್ಲಕ್ಕೂ ಅವನು ಒಗ್ಗಿದ. ಉಳಿದದ್ದು ಗುಂಡಿ. ಕುಡಿಯದೆ ಇಳಿಯಬಲ್ಲನೇ?

ಕೆಲಸಕ್ಕೆ ಮರಳಿದ ದಿನ ಧಣಿ ಎಂದಿನಂತೆ ಬಾಟಲಿ ಚಾಚಿದ. ಜಿಡ್ಡಣ್ಣ ಅದನ್ನು ಮುಟ್ಟದೆ ಇಳಿದ. ಅಷ್ಟು ವರ್ಷ ಸತ್ತಿದ್ದ ಮೂಗು ಅಂದು ಬದುಕಿತ್ತು. ಎರಡು ಬಕೆಟ್ ಬಳಿಯುವಷ್ಟರಲ್ಲಿ ಹತ್ತಿ ಬಂದು ಗೋಡೆ ಹಿಡಿದು ಕಾರಿಕೊಂಡ.

"ನೋಡ್ದಾ, ಅದಕ್ಕೇ ಒಂದು ಗುಟುಕು ಹಾಕ್ಕೋ ಅಂದಿದ್ದು" ಎಂದು ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಕ್ಕ. ಗುಂಡಿಯ ನಾತಕ್ಕೂ ಬಾರದಷ್ಟು ಹೇಸಿಗೆ ನನಗೆ ಆ ನಗುವಿಗೆ ಬಂತು.

"ಇಷ್ಟು ಅಸಹ್ಯ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ಧಣಿ" ಎಂದ ಜಿಡ್ಡಣ್ಣ. "ಉಳಿದಿದ್ದು ನನ್ನ ಕೈಲಾಗಲ್ಲ."

ಅಂದು ಅವನ ಜತೆಗೇ ಬಂದಿದ್ದ ತಂಗಿ ಹೋಟೆಲಿನ ಹಿತ್ತಲ ನಲ್ಲಿಯ ಬಳಿ ಅವನನ್ನು ಕೂರಿಸಿ ಕೊಡಗಟ್ಟಲೆ ನೀರು ಸುರಿದಳು. ಧಣಿ ಬೇರೆ ಆಳಿಗಾಗಿ ಫೋನ್ ಹಚ್ಚಿದ.