ವಾಡಿ ಬರುವಷ್ಟರಲ್ಲಿ ‘ಬ್ಯಾಡ’ ಕಲಿಸುವ ಕರುಣಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಹಾಬಾದ ರೈಲು ನಿಲ್ದಾಣದಲ್ಲಿ ಕರುಣಾ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದಾರೆ. ಸೊಲ್ಲಾಪುರ ಕಡೆಯಿಂದ ಬರುವ ಗಾಡಿ ತಡ. ಆಕೆಯ ಸಿಟ್ಟು ಮಾತ್ರ ಹೊತ್ತಿಗೆ ಸರಿಯಾಗಿ ಬಂದಿದೆ. ಚಹಾ ಮಾರುವ ಮಜೀದಸಾಬ ಕೇಳದೆಯೇ ಒಂದು ಕಪ್ಪು ಕೈಗಿಟ್ಟು, ಇವತ್ತು ಯಾವ ಊರಿನ ಫೌಜಿ ಎಂದಷ್ಟೇ ವಿಚಾರಿಸುತ್ತಾರೆ.

“ಐನಾಪುರದಾಂವ. ಯಾವ ಊರಾದ್ರೇನ್ರಿ, ಎಲ್ಲಾರೂ ಹಾಳಾಗೋ ರೀತಿ ಒಂದೇ. ಹೊಸಾ ನಮೂನಿ ಯಾರೂ ಹಾಳಾಗಲ್ಲ,” ಎನ್ನುತ್ತಾರೆ ಕರುಣಾ.

ಐನಾಪುರದ ಆ ಫೌಜಿಯ ಹೆಸರು ಹವಾಲ್ದಾರ್ ಅರುಣಕುಮಾರ. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತರಾಗಿ ಬರುತ್ತಿದ್ದಾರೆ. ಗ್ರಾಚ್ಯುಟಿ, ಭವಿಷ್ಯನಿಧಿ, ವಿಮೆ, ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಮಾರಿಕೊಂಡದ್ದು, ಎಲ್ಲ ಸೇರಿ ಜೀವಮಾನದಲ್ಲಿ ಒಮ್ಮೆ ಮಾತ್ರ ಕಾಣುವ ಗಂಟು ಅವರ ಖಾತೆಗೆ ಬೀಳಲಿದೆ. ವಾಡಿ ಜಂಕ್ಷನ್‌ನಲ್ಲಿ ಎರಡು ಜೀಪು, ಒಂದು ಡಿಜೆ, ಬುಟ್ಟಿ ತುಂಬ ಹಾರ ಮತ್ತು ಸೋದರಮಾವ ದೇವಿಂದ್ರಪ್ಪ ಕಾದಿದ್ದಾರೆ. ಅಳಿಯನ ದುಡ್ಡು ಬರುವ ಮೊದಲೇ ಅಳಿಯನ ಹೆಸರಿನಲ್ಲಿ ಒಂದು ಹಳೆಯ ಟಿಪ್ಪರ್‌ಗೆ ಬಯಾನಾ, ಅಂದರೆ ಮುಂಗಡ, ಕೊಟ್ಟು ಬಂದಿದ್ದಾರೆ ಈ ಮಾವ.

ಸೇಡಂ, ಚಿತ್ತಾಪುರ, ವಾಡಿ ಸುತ್ತ ಈ ಟಿಪ್ಪರ್ ಎಂಬುದು ಒಂದು ಹುಚ್ಚು. ಸಿಮೆಂಟು ಕಾರ್ಖಾನೆಗಳಿವೆ, ಸುಣ್ಣದಕಲ್ಲಿದೆ, ಟಿಪ್ಪರ್ ಕೊಂಡರೆ ಹಣ ತಾನಾಗಿ ಉರುಳುತ್ತದೆ ಎಂದು ಕಟ್ಟೆಯ ಮೇಲೆ ಕುಳಿತವರೆಲ್ಲ ಹೇಳುತ್ತಾರೆ. ಟೈರು ಸವೆಯುವುದನ್ನು, ಡ್ರೈವರ್ ಹೇಳದೆ ಕೇಳದೆ ಊರಿಗೆ ಹೋಗುವುದನ್ನು, ಬಾಡಿಗೆಯ ಬಿಲ್ಲು ತಿಂಗಳುಗಟ್ಟಲೆ ಕೊಳೆಯುವುದನ್ನು ಅವರಲ್ಲಿ ಒಬ್ಬನಾದರೂ ಹೇಳಬೇಕಲ್ಲ! ಹೇಳುವುದಿಲ್ಲ.

ಕರುಣಾಗೆ ಇದು ಗೊತ್ತಿರುವುದಕ್ಕೆ ಕಾರಣ ಮನೆಯಲ್ಲೇ ಇದೆ. ಭೀಮಾ ದಂಡೆಯ ಸನ್ನತಿ ಆಕೆಯ ತವರು. ಗಂಡ ರತ್ನದೀಪ ಸೈನ್ಯದ ನಾಯಕ್ ಹುದ್ದೆಯಿಂದ ನಿವೃತ್ತರಾಗಿ ಬಂದಾಗ ಅವರಿಗೂ ಹೀಗೇ ಹಾರ ಬಿದ್ದಿತ್ತು, ಹೀಗೇ ಟಿಪ್ಪರ್ ಬಂದಿತ್ತು. ಮೂರು ಮಳೆಗಾಲದಲ್ಲಿ ಗಂಟು ಕರಗಿತು. ಅದೇ ಹೊತ್ತಿಗೆ ರತ್ನದೀಪ ಅವರಿಗೆ ಮೂತ್ರಪಿಂಡದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ನಿವೃತ್ತ ಸೈನಿಕರಿಗೆ ಸಿಗುವ ಆಸ್ಪತ್ರೆ ಕಾರ್ಡಿಗೆ, ನಾಳೆ ಹಾಕಿದರಾಯಿತು ಎಂದು, ಅರ್ಜಿಯನ್ನೇ ಹಾಕಿರಲಿಲ್ಲ. ಈಗ ಆ ಮನುಷ್ಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿದ್ದು, ಒಳಹೋಗುವ ಟಿಪ್ಪರ್‌ಗಳ ನಂಬರು ಬರೆದುಕೊಳ್ಳುತ್ತಾರೆ. ಕರುಣಾ ರವಿಕೆ ಹೊಲಿಯುತ್ತಾರೆ. ಗಂಡನ ಕಾರ್ಡಿಗಾಗಿ ಕಲಬುರಗಿಯ ಕಚೇರಿಗಳಿಗೆ ಅಲೆದಲೆದು ಚಪ್ಪಲಿ ಸವೆಸಿದಾಗಲೇ ಆಕೆಗೆ ಫೌಜಿಗಳಿಗೆ ಬುದ್ಧಿ ಹೇಳುವ ಈ ಕೆಲಸ ಅಂಟಿಕೊಂಡದ್ದು.

ದಾರಿ ಗೊತ್ತಾದ ಮೇಲೆ ಬೇರೆ ಫೌಜಿಗಳ ಹೆಂಡಂದಿರು ಫೋನು ಮಾಡತೊಡಗಿದರು. ಆರಂಭದಲ್ಲಿ ಕರುಣಾ ಊರೂರಿಗೆ ಹೋಗಿ ತಿಳಿಸಿ ಹೇಳುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ! ಎಲ್ಲರೂ ತಲೆಯಾಡಿಸುವವರೇ, ಮರುದಿನ ಟಿಪ್ಪರ್ ಬಾಗಿಲಿಗೆ ತಂದು ನಿಲ್ಲಿಸುವವರೇ. ತಲೆ ಚಚ್ಚಿಕೊಂಡದ್ದೇ ಬಂತು.

“ನಾ ಏನ್ ಶ್ಯಾಣ್ಯಾಕಿ ಅಲ್ರಿ. ರಿಟೈರ್ ಆಗೂಕಿಂತ ಮದಲ ಪಲ್ಟಣದಾಗೇ ಎಲ್ಲಾ ಹೇಳಿ ಕಳಸ್ತಾರ. ಪೆನ್ಶನ್ ಖಾತೆ ಹೆಂಡ್ತಿ ಜೋಡಿ ಜಂಟಿ ಇರ್ಲಿ, ಆಸ್ಪತ್ರಿ ಕಾರ್ಡ್ ಮಾಡಸ್ರಿ, ರೊಕ್ಕ ಒಂದ್ ವರ್ಷ ಮುಟ್ಟಬ್ಯಾಡ್ರಿ ಅಂತ. ಇವ್ರಿಗಿ ಎಲ್ಲಾ ಗೊತ್ತದ. ಮಂದಿ ಮುಂದ ಬ್ಯಾಡ ಅನ್ಲಿಕ್ಕಷ್ಟೇ ಬರಲ್ಲ. ಇಷ್ಟ್ ವರ್ಷ ಸಾಹೇಬ್ರು ಹೇಳ್ದಂಗ ಕೇಳ್ಯಾರ, ಮನಿಗಿ ಬಂದು ಮಾವ ಹೇಳ್ದಂಗ ಕೇಳ್ತಾರ,” ಎನ್ನುತ್ತಾರೆ.

ಅಲ್ಲಿಂದಲೇ ಕರುಣಾ ತಮ್ಮ ವರಸೆ ಬದಲಿಸಿದ್ದು. ಕೊರಳಿಗೆ ಹಾರ ಬಿದ್ದ ಮೇಲೆ ಯಾವ ಗಂಡಸೂ ನಾಲ್ಕು ಜನರೆದುರು ಹಿರಿಯರಿಗೆ ಎದುರಾಡಲಾರ. ಹಾಗಾದರೆ ಹಾರಕ್ಕಿಂತ ಮುಂಚೆ ಅವನನ್ನು ಹಿಡಿಯಬೇಕು. ವಾಡಿಯ ಹಿಂದಿನ ನಿಲ್ದಾಣ ಶಹಾಬಾದ. ಇಲ್ಲಿ ಗಾಡಿ ಹತ್ತಿದರೆ ವಾಡಿ ಮುಟ್ಟುವ ತನಕ ಫೌಜಿ ಒಬ್ಬನೇ ಸಿಗುತ್ತಾನೆ. ಹೊತ್ತು ಸ್ವಲ್ಪ, ಒಂದು ಕಪ್ಪು ಚಹಾ ಆರುವಷ್ಟು. ಅಷ್ಟರಲ್ಲಿ ಅವನ ಬಾಯಿಗೆ ಒಂದು ನೆಪ ಇಟ್ಟು ಕಳಿಸುತ್ತಾರೆ: ಎಲ್ಲ ನನ್ನ ಮೇಲೆ ಹಾಕಿ. ಶಹಾಬಾದದ ಆ ಕರುಣಾಬಾಯಿ ಕಾಗದ ಹಿಡಿದುಕೊಂಡು ಕುಂತಿದ್ದಾಳೆ, ಆಕೆ ಬಿಡುವುದಿಲ್ಲ ಎನ್ನಿ. ಬೈಗುಳ ನನಗಿರಲಿ, ಗಂಟು ನಿಮಗಿರಲಿ.

ಹೀಗಾಗಿ ನಾಲ್ಕು ತಾಲ್ಲೂಕಿನ ಮಾವಂದಿರು, ಕಾಕಂದಿರು, ಪ್ಲಾಟು ಮಾರುವವರು ಕರುಣಾ ಹೆಸರು ಕೇಳಿದರೆ ಹಲ್ಲು ಕಡಿಯುತ್ತಾರೆ. ಆಕೆ ಉಳಿಸಿದ ಮನೆಗಳ ಮದುವೆಗೂ ಆಕೆಗೆ ಕರೆ ಬರುವುದಿಲ್ಲ. ಬೈಸಿಕೊಂಡವಳನ್ನು ಬೈದವರ ಸಾಲಿನಲ್ಲಿ ಊಟಕ್ಕೆ ಹೇಗೆ ಕೂರಿಸುವುದು? ಚಂದಾಪುರದ ಸಂತೆಯಲ್ಲಿ ಒಬ್ಬ ಫೌಜಿಯ ಹೆಂಡತಿ ಎದುರಾದವಳು, ಅತ್ತೆ ಜೊತೆಗಿದ್ದಾಳೆಂದು, ಗುರುತೇ ಇಲ್ಲದವಳಂತೆ ದಾಟಿ ಹೋದಳು. ಆ ಸಂಕಟ ಇನ್ನೂ ಹೋಗಿಲ್ಲ.

ಗಾಡಿ ಬರುತ್ತದೆ. ಕರುಣಾ ಅರುಣಕುಮಾರ ಫೋನಿನಲ್ಲಿ ಹೇಳಿದ್ದ ಡಬ್ಬಿ ಹತ್ತುತ್ತಾರೆ. ಟಿಸಿ ನೋಡಿ, ಜನರಲ್ ಟಿಕೆಟ್ಟಿನಲ್ಲಿ ಮತ್ತೆ ಇಲ್ಲಿಗೇ ಬಂದಿರಾ ಎಂದು ಗೊಣಗುತ್ತಾ ಮುಂದೆ ಹೋಗುತ್ತಾನೆ. ಬಾಗಿಲ ಬಳಿ ಟ್ರಂಕಿನ ಮೇಲೆ ಕುಳಿತ ಅರುಣಕುಮಾರ ಎದ್ದು ಜಾಗ ಕೊಡುತ್ತಾರೆ. ಅವರ ಹೆಂಡತಿ ಭಾಗ್ಯ ಹೋದ ವಾರ ಫೋನಿನಲ್ಲಿ ಅತ್ತದ್ದನ್ನು ಕರುಣಾ ಹೇಳುತ್ತಾರೆ. ದೊಡ್ಡ ಮಗಳಿಗೆ ನರ್ಸಿಂಗ್ ಓದುವ ಆಸೆ, ಚಿಕ್ಕವಳಿಗೆ ಹುಟ್ಟಿನಿಂದ ಕಿವಿ ಮಂದ. ಟಿಪ್ಪರ್ ಬ್ಯಾಡ ಎಂದು ತಾನು ಬಾಯಿ ಬಿಟ್ಟರೆ ಸೊಸೆ ಮನೆ ಒಡೆದಳು ಎನ್ನುತ್ತಾರೆ ಎಂಬುದು ಭಾಗ್ಯಳ ಹೆದರಿಕೆ.

ಅರುಣಕುಮಾರ ಕಿಟಕಿಯ ಆಚೆ ಹಾದುಹೋಗುವ ಫರ್ಸಿ ಕಲ್ಲಿನ ರಾಶಿಗಳನ್ನು ನೋಡುತ್ತಾರೆ. ಅಪ್ಪ ಸತ್ತಾಗ ತನ್ನನ್ನು ಸಾಕಿದ್ದು ಮಾವ, ಸೈನ್ಯದ ಭರ್ತಿಗೆ ಹೋಗಲು ಎಮ್ಮೆ ಮಾರಿ ಖರ್ಚು ಕೊಟ್ಟದ್ದೂ ಅವರೇ ಎನ್ನುತ್ತಾರೆ. “ಹೆಂಗ ಬ್ಯಾಡ ಅನ್ಲಿ ಅಕ್ಕಾ?”

ಕರುಣಾ ಹಣೆ ಒತ್ತಿಕೊಳ್ಳುತ್ತಾರೆ. ಎಲ್ಲರಿಗೂ ಒಂದು ಎಮ್ಮೆ ಇದ್ದೇ ಇರುತ್ತದೆ!

“ಎಮ್ಮಿ ಋಣ ಎಮ್ಮಿ ಕೊಟ್ಟು ತೀರ್ಸು ತಮ್ಮಾ. ಬೇಕಾದ್ರ ಎರಡು ಕೊಡು. ಮಕ್ಕಳ ಅನ್ನ ಯಾಕ ಕೊಡ್ತಿ? ನಿನಗ ಆಗಲ್ಲಂದ್ರ ನನ್ನ ಹೆಸರ ಹೇಳು, ಸಾಕು.”

ವಾಡಿ ಬಂದೇ ಬಿಡುತ್ತದೆ. ಇಳಿದದ್ದೇ ತಡ, ಹಾರದ ಮೇಲೆ ಹಾರ, ಗುಲಾಲು. ಹೊರಗೆ ಜೀಪಿನ ಪಕ್ಕ ದೇವಿಂದ್ರಪ್ಪ ಅಳಿಯನನ್ನು ತಬ್ಬಿಕೊಂಡು ನಿಜವಾಗಿಯೇ ಅಳುತ್ತಾರೆ. ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ಸೇಡಂ ದಾರಿಯಲ್ಲಿ ಟಿಪ್ಪರ್ ನಿಂತಿದೆ, ನೋಡಿಕೊಂಡೇ ಊರಿಗೆ ಹೋಗೋಣ ಎನ್ನುತ್ತಾರೆ. ಅಷ್ಟರಲ್ಲಿ ಹಿಂದೆ ನಿಂತ ಕರುಣಾ ಕಣ್ಣಿಗೆ ಬೀಳುತ್ತಾರೆ. ಗುರುತು ಹತ್ತಿದ್ದೇ ಮುದುಕನ ಮೋರೆ ಕೆಂಪಾಗುತ್ತದೆ. ಮಂದಿ ಮನೆ ಒಡೆಯುವುದೇ ನಿನ್ನ ಧಂದೆಯೇನು, ನಮ್ಮ ಹುಡುಗನ ತಲೆ ಕೆಡಿಸಲು ಇಲ್ಲಿಗೂ ಬಂದೆಯಾ ಎಂದು ಶುರು ಮಾಡುತ್ತಾರೆ. ಡಿಜೆ ನಿಲ್ಲುತ್ತದೆ. ಕರುಣಾ ಎಂದಿನಂತೆ ಸೆರಗು ಸರಿಮಾಡಿಕೊಂಡು ಬೈಗುಳಕ್ಕೆ ತಯಾರಾಗಿ ನಿಲ್ಲುತ್ತಾರೆ. ಇನ್ನೇನು ಅರುಣಕುಮಾರ ತಲೆ ತಗ್ಗಿಸಿ ಆಕೆಯ ಹೆಸರು ಹೇಳಬೇಕು. ಎಲ್ಲರೂ ಹಾಗೇ ಮಾಡಿದ್ದಾರೆ, ಮಾಡಲೆಂದೇ ಆಕೆ ಕಲಿಸಿದ್ದಾರೆ.

ಅರುಣಕುಮಾರ ಕೊರಳಿನ ಹಾರಗಳನ್ನು ತೆಗೆದು ಜೀಪಿನ ಮೇಲಿಡುತ್ತಾರೆ. ಬಗ್ಗಿ ಮಾವನ ಕಾಲು ಮುಟ್ಟುತ್ತಾರೆ. “ಆಕಿಗಿ ಏನೂ ಅನಬ್ಯಾಡ್ರಿ ಮಾವಾ. ಟಿಪ್ಪರ್ ಬ್ಯಾಡ ಅನ್ನಾಂವ ನಾನು. ನೀವು ಕೊಟ್ಟ ಬಯಾನಾ ನಾ ತುಂಬತೀನಿ. ಈ ರೊಕ್ಕ ಹುಡುಗ್ಯಾರದು.”

ದೇವಿಂದ್ರಪ್ಪ ಜೀಪು ಹತ್ತಿ ಮುಖ ತಿರುಗಿಸಿ ಕೂರುತ್ತಾರೆ. ಕೂತರಲ್ಲ, ಬಿಟ್ಟು ಹೋಗಲಿಲ್ಲವಲ್ಲ. ಅರುಣಕುಮಾರ ಪಕ್ಕದಲ್ಲೇ ಹತ್ತಿ ಕೂರುತ್ತಾರೆ. ಎರಡನೆಯ ಜೀಪಿನಲ್ಲಿದ್ದ ಭಾಗ್ಯ ಅತ್ತೆಯ ಎದುರೇ ಇಳಿದು ಬಂದು ಕರುಣಾ ಕೈ ಹಿಡಿದುಕೊಂಡು, ನಡೀರಿ ಅಕ್ಕಾ, ನಮ್ಮ ಮನೆಗೆ ಊಟಕ್ಕೆ ಎನ್ನುತ್ತಾರೆ. ಹೊಲಿಗೆ ಕೆಲಸ ಬಿದ್ದಿದೆ ಎಂದು ಆಕೆಯ ಬೆನ್ನು ತಟ್ಟಿ ಕಳಿಸುತ್ತಾರೆ ಕರುಣಾ.

ಶಹಾಬಾದಕ್ಕೆ ಮರಳುವ ಬಸ್ಸಿನಲ್ಲಿ ಆಕೆಯ ಮಾತಿಗೆ ಬೆಳಗಿನ ಸಿಡುಕೇ ಮತ್ತೆ ಬಂದಿದೆ. ಕಣ್ಣು ಮಾತ್ರ ಒದ್ದೆ.

“ಇಷ್ಟ್ ಮಂದಿಗಿ ನನ್ನ ಹೆಸರ ಕೊಟ್ಟು ಕಳಿಸೀನ್ರಿ. ಇಂವ ಒಬ್ಬ ವಾಪಸ್ ಕೊಟ್ಟ.”