ಗಜೇಂದ್ರಗಡದ ಡ್ರೋನ್ ಕ್ಲೇಮು ಮತ್ತು ನಾನು ಕೇಳದೆ ಬಿಟ್ಟ ಪ್ರಶ್ನೆ

2023ರಲ್ಲಿ ನಾನು ನರಗುಂದದಲ್ಲಿ ವಿಮಾ ಸರ್ವೇಯರ್ ಆಗಿದ್ದೆ. ಸರ್ವೇಯರ್ ವಿಮಾ ಕಂಪನಿಯ ನೌಕರನಲ್ಲ. ಹಾನಿಯಾದ ಸ್ಥಳಕ್ಕೆ ಹೋಗಿ, ನಡೆದದ್ದೇನು, ಅದು ಪಾಲಿಸಿಯ ಷರತ್ತಿನೊಳಗೆ ಬರುತ್ತದೆಯೇ ಎಂದು ವರದಿ ಬರೆದುಕೊಡುವ ಸ್ವತಂತ್ರ ವೃತ್ತಿಗಾರ. ಸುಟ್ಟ ಹತ್ತಿ ಗೋದಾಮು, ಉರುಳಿದ ಲಾರಿ ಎಲ್ಲವನ್ನೂ ಕಣ್ಣಾರೆ ನೋಡಿ ಬರೆಯುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದೆ.

ಅದರ ಹಿಂದಿನ ಮಳೆಗಾಲದಲ್ಲಿ ಮಲಪ್ರಭೆಯ ನೀರು ಮೆಣಸಗಿಯ ಹೊಲಗಳಿಗೆ ನುಗ್ಗಿತ್ತು. ಒಂದು ಬೀಜ ಕಂಪನಿಯ ವಿಮೆ ಮಾಡಿಸಿದ ಪ್ಲಾಟುಗಳು ಅಲ್ಲಿದ್ದವು. ಮೊಣಕಾಲುದ್ದ ಎರೆಮಣ್ಣಿನ ರಾಡಿಯಲ್ಲಿ ಆರು ದಿನ ತಿರುಗಿ ನಾನು ವರದಿ ಮಾಡಿದೆ. ಏಳನೆಯ ದಿನ ರೋಣದ ಶಾಹೀನ ಎಂಬ ಮೂವತ್ತರ ಹೆಣ್ಣುಮಗಳು ಒಂದು ಪೆಟ್ಟಿಗೆ ಹಿಡಿದು ಬಂದಳು. ಡ್ರೋನ್ ಹಾರಿಸಿ ಮಧ್ಯಾಹ್ನದ ಊಟದೊಳಗೆ ಅಷ್ಟೂ ಹೊಲಗಳ ಚಿತ್ರ ತೆಗೆದುಕೊಟ್ಟಳು. ವಿಮಾ ಕಂಪನಿಯ ಬ್ರಾಂಚ್ ಮ್ಯಾನೇಜರು ಅವಳ ಚಿತ್ರಗಳನ್ನು ಟೇಬಲ್ಲಿನ ಮೇಲೆ ಹರಡಿಕೊಂಡು, ನನ್ನ ವರದಿಯನ್ನು ಪಕ್ಕಕ್ಕೆ ಸರಿಸಿ, "ಇನ್ ಮ್ಯಾಲೆ ನೀವು ರಾಡಿ ತುಳಿಯೂದು ತಪ್ಪಿತ ನೋಡ್ರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅದು ಎದೆಯಲ್ಲಿ ಚುಚ್ಚಿಕೊಂಡಿತು. ಊರೂರಲ್ಲಿ ಜನ ಅವಳನ್ನು 'ಪೈಲಟ್ ಮೇಡಂ' ಎನ್ನತೊಡಗಿದ್ದರು. ಅವಳ ಬಿಳಿ ಕಾರು ರಸ್ತೆಯಲ್ಲಿ ಎದುರಾದರೆ ನಾನು ಬೇರೆ ಕಡೆ ಮುಖ ಮಾಡುತ್ತಿದ್ದೆ.

ಹೀಗಿರುವಾಗ ಅವಳ ಡ್ರೋನಿನದೇ ಕ್ಲೇಮು ನನ್ನ ಕೈಗೆ ಬಂತು. ಗಜೇಂದ್ರಗಡದ ಒಬ್ಬ ಸೀರೆ ವ್ಯಾಪಾರಿ ಜಾಹೀರಾತು ಮಾಡಿಸಲು ಅವಳನ್ನು ಕರೆಸಿದ್ದ. ಗುಡ್ಡದ ಬಂಡೆಗಳ ಮೇಲೆ ಕೈಮಗ್ಗದ ಸೀರೆಗಳನ್ನು ಹಾಸಿ ಮೇಲಿನಿಂದ ಚಿತ್ರೀಕರಿಸುವುದು ಅವನ ಯೋಚನೆ. ಬೀಸಿದ ಗಾಳಿಗೆ ಡ್ರೋನ್ ವಾಲಿ, ಶಿವಪ್ಪ ಎಂಬ ನೇಕಾರನ ಬಲಗೈಗೆ ಅದರ ರೆಕ್ಕೆ ಬಡಿದು, ಎರಡು ಬೆರಳುಗಳ ನರ ಕತ್ತರಿಸಿತ್ತು. ಫೈಲಿನ ಮೇಲೆ ಶಾಹೀನಳ ಹೆಸರು ಕಂಡಾಗ ಮೊದಲು ನನಗೆ ಶಿವಪ್ಪನ ಬೆರಳು ನೆನಪಾಗಲಿಲ್ಲ. ಖುಷಿಯಾಯಿತು. ಇದನ್ನು ಮುಚ್ಚಿಟ್ಟರೆ ಮುಂದಿನದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಇರಬೇಕು. ಯಂತ್ರಕ್ಕೆ ಯುಐಎನ್ ಎಂಬ ನೋಂದಣಿ ಸಂಖ್ಯೆ ಬೇಕು, ವ್ಯಾಪಾರಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಅನುಮತಿ ಇಲ್ಲದೆ ಹಾರಿಸುವ ಜಾಗ ಸರ್ಕಾರದ ಡ್ರೋನ್ ನಕ್ಷೆಯ ಹಸಿರು ವಲಯದಲ್ಲಿರಬೇಕು. ಇವುಗಳಲ್ಲಿ ಒಂದಾದರೂ ಇಲ್ಲದಿರಲಿ ಎಂದುಕೊಂಡು ನಾನು ಅವಳ ಕಾಗದಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಇದ್ದವು. ಹಾರಾಟದ ಲಾಗನ್ನು ಅವಳು ನಾನು ಬರೆಯುವುದಕ್ಕಿಂತ ಅಚ್ಚುಕಟ್ಟಾಗಿ ಬರೆದಿದ್ದಳು. ಅದಕ್ಕೂ ಹೊಟ್ಟೆ ಉರಿಯಿತು.

ಆಗ ಪಾಲಿಸಿಯ ಇನ್ನೊಂದು ಷರತ್ತು ಕಣ್ಣಿಗೆ ಬಿತ್ತು. ಥರ್ಡ್ ಪಾರ್ಟಿ ಎಂದರೆ ಹೊರಗಿನವರು. ಪೈಲಟ್ ಕೈಕೆಳಗೆ ಚಿತ್ರೀಕರಣದಲ್ಲಿ ತೊಡಗಿದವರಿಗೆ ಪೆಟ್ಟಾದರೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ಚಿತ್ರೀಕರಣದಲ್ಲಿ ಸೀರೆ ಹಿಡಿದಿದ್ದ ಶಿವಪ್ಪ ಹೊರಗಿನವನೋ, ಅವಳ ಸಿಬ್ಬಂದಿಯೋ? ಸಿಬ್ಬಂದಿ ಎಂದಾದರೆ ಕ್ಲೇಮು ತಿರಸ್ಕಾರವಾಗುತ್ತದೆ. ಪೂರ್ತಿ ಹೊರೆ ಅವಳ ಮೇಲೆ ಬೀಳುತ್ತದೆ, ಡ್ರೋನ್ ಮಾರಿ ಮನೆಯಲ್ಲಿ ಕೂರಬೇಕಾಗುತ್ತದೆ.

ದವಾಖಾನೆಗೆ ಹೋಗಿ ಶಿವಪ್ಪನ ಹೇಳಿಕೆ ಬರೆದುಕೊಂಡೆ.

"ಸೀರಿ ಹಿಡೀಲಿಕ್ಕೆ ನಿಮಗ ಯಾರು ಹೇಳಿದ್ರು?"

"ಪೈಲಟ್ ಮೇಡಂ ಅವ್ರ ಹೇಳಿದ್ರರಿ."

ಅಷ್ಟಕ್ಕೇ ಪೆನ್ನು ಮುಚ್ಚಿದೆ. ಪೆಟ್ಟಾದಾಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಕೇಳುವುದು ಯಾವ ಹೊಸ ಸರ್ವೇಯರನಿಗೂ ಗೊತ್ತು. ನಾನು ಕೇಳಲಿಲ್ಲ.

ಶಾಹೀನ ಅಲ್ಲೇ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ದಿನಾ ಬರುತ್ತಾಳೆಂದು ನರ್ಸ್ ಹೇಳಿದರು. ಅವಳನ್ನೂ ಕೇಳಿದೆ.

"ಹಿಡೀರಿ ಅಂದಾಕಿ ನಾನ ರೀ ಸರ್. ಗಾಳಿ ಏಳ್ತೈತಿ ಅಂತ ಗೊತ್ತಿದ್ದೂ ಇನ್ನೊಂದು ಶಾಟ್ ತಗೊಂಡಾಕೀನೂ ನಾನ. ಇದ್ದದ್ದ ಇದ್ದಂಗ ಬರೀರಿ."

ತನಗೆ ಮುಳುವಾಗುವ ಮಾತನ್ನು ತಾನಾಗಿ ಹೇಳಿದವಳನ್ನು ಕಂಡು ಮೆಚ್ಚುಗೆ ಹುಟ್ಟಬೇಕಿತ್ತು. ಹುಟ್ಟಿದ್ದು ಹೊಟ್ಟೆಕಿಚ್ಚೇ. ಇವಳಿಗೆ ಇದೂ ಬರುತ್ತದಲ್ಲ ಎನಿಸಿತು. ನರಗುಂದಕ್ಕೆ ಬಂದು ಕರಡು ವರದಿ ಬರೆದೆ: ಗಾಯಾಳು ಪೈಲಟ್ ಸೂಚನೆಯಂತೆ ಚಿತ್ರೀಕರಣದಲ್ಲಿ ಭಾಗವಹಿಸಿದ್ದು, ಥರ್ಡ್ ಪಾರ್ಟಿ ಎಂದು ಪರಿಗಣಿಸಲಾಗದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೇಳಿಕೆಯನ್ನು ಕೊಟ್ಟವರಿಗೆ ಓದಿ ಹೇಳಿ ಸಹಿ ಪಡೆಯುವುದು ನನ್ನ ಪದ್ಧತಿ. ನಾಲ್ಕು ದಿನದ ನಂತರ ಗಜೇಂದ್ರಗಡದ ಶಿವಪ್ಪನ ಮನೆಗೆ ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಬಲಗೈಗೆ ಬ್ಯಾಂಡೇಜಿದ್ದರಿಂದ ಎಡಗೈ ಹೆಬ್ಬೆರಳು ಒತ್ತಲು ಅವನು ಮುಂದೆ ಬಂದ. ಅವನ ಹೆಂಡತಿ ಗಂಗವ್ವ ನಾನು ಓದಿದ್ದನ್ನು ಪೂರ್ತಿ ಕೇಳಿ, "ತಡೀರಿ" ಎಂದು ಗಂಡನ ಕೈ ಹಿಡಿದಳು.

"ಸಾಹೇಬ್ರ, ಮೇಡಂ ಹಿಡೀರಿ ಅಂದದ್ದು ಮೊದಲನೇ ಸಲಕ್ಕ. ಆಮ್ಯಾಲೆ ಗಾಳಿ ಬಂತು ಅಂತ ಹಗ್ಗಾ ಕಟ್ಟಿ ನಮ್ಮನ್ನೆಲ್ಲಾ ಅದರ ಆಚೀಗಿ ನಿಂದ್ರಿಸಿ, ಸೀರಿ ಮ್ಯಾಲೆ ಕಲ್ಲ ಇಟ್ರು. ಒಂದು ಸೀರಿ ಹಾರಾಕತ್ತಿತು. ಅದು ಇವ್ರು ನೇದದ್ದು. ತಡ್ಯಾಕ ಆಗ್ಲಿಲ್ಲ, ಹಗ್ಗ ದಾಟಿ ಓಡಿದ್ರು. ಇವ್ರನ್ನ ಯಾರೂ ಕರ್ದಿಲ್ಲರಿ. ನೀವು ಅದನ್ನ ಬರಕೊಂಡಾ ಇಲ್ಲಲ್ಲ?"

"ಇವ್ರು ಕೇಳಲಿಲ್ಲ, ನಾ ಹೇಳಲಿಲ್ಲ," ಎಂದ ಶಿವಪ್ಪ.

ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾಕ ಕೇಳಲಿಲ್ಲರಿ?"

ಶಾಹೀನಳನ್ನು ಕೆಡವುವ ಆತುರದಲ್ಲಿ, ನಡುವೆ ನಿಂತಿದ್ದ ಈ ಇಬ್ಬರೂ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಕ್ಲೇಮು ಬಿದ್ದುಹೋಗಿದ್ದರೆ ಶಿವಪ್ಪನ ಕೈಯ ಮುಂದಿನ ಆಪರೇಷನ್ ನಿಂತುಹೋಗುತ್ತಿತ್ತು.

ಅಲ್ಲೇ ಹಾಳೆ ಹರಿದು, ಹೊಸದಾಗಿ ಹೇಳಿಕೆ ಬರೆದುಕೊಂಡೆ. ಅಲ್ಲಿಂದ ಸೀರೆ ವ್ಯಾಪಾರಿಯ ಅಂಗಡಿಗೆ ಹೋಗಿ ಎರಡನೆಯ ಶಾಟಿನ ವಿಡಿಯೊ ನೋಡಿದೆ. ಅದು ಇದೆಯೆಂದು ಮೊದಲೇ ಗೊತ್ತಿದ್ದರೂ ನೋಡಿರಲಿಲ್ಲ. ಹಗ್ಗದ ಕಡೆಯಿಂದ ಒಬ್ಬ ಮನುಷ್ಯ ಓಡಿ ಬಂದು ಹಾರುವ ಸೀರೆಯ ಸೆರಗಿಗೆ ಕೈ ಚಾಚುತ್ತಾನೆ, ಚಿತ್ರ ವಾಲುತ್ತದೆ, ಮುಗಿಯುತ್ತದೆ. ಗಾಳಿಯಲ್ಲಿ ಹಾರಿಸಿದ್ದು ಶಾಹೀನಳ ತಪ್ಪು ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ಶಿವಪ್ಪ ಹೊರಗಿನವನು ಎಂದೂ ಬರೆದೆ. ಹೊಣೆಗಾರಿಕೆ ವಿಮೆ ಇರುವುದೇ ಇಂಥ ತಪ್ಪಿಗಾಗಿ.

ಕಂಪನಿ ಪರಿಹಾರ ಕೊಟ್ಟಿತು. ಆಪರೇಷನ್ ಆದರೂ ಶಿವಪ್ಪನ ಒಂದು ಬೆರಳು ಪೂರ್ತಿ ಮಡಚುವುದಿಲ್ಲ. ಈಗ ನಿಧಾನವಾಗಿ ನೇಯುತ್ತಾನೆ. ಶಾಹೀನ ನರಗುಂದಕ್ಕೆ ಬಂದು ನನಗೆ ಥ್ಯಾಂಕ್ಸ್ ಹೇಳಿದಳು. ಕರಡಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ. ಅವಳು ಹೋದ ಮೇಲೂ ಹೊಟ್ಟೆಯ ಉರಿ ಹಾಗೇ ಇತ್ತು.

ಹೊಟ್ಟೆಕಿಚ್ಚು ಸುಳ್ಳು ಬರೆಸುತ್ತದೆಂದು ಅಲ್ಲಿಯವರೆಗೆ ತಿಳಿದಿದ್ದೆ. ನಿಜದಲ್ಲೇ ನಮಗೆ ಬೇಕಾದಷ್ಟನ್ನು ಬರೆಸಿ ಪೆನ್ನು ಮುಚ್ಚಿಸುತ್ತದೆ ಎಂಬುದನ್ನು ಆ ಕೇಸು ಕಲಿಸಿತು. ಮರುವರ್ಷ ರಾಜೂರದಲ್ಲಿ ಅವಳ ಡ್ರೋನ್ ಒಂದು ಮನೆಯ ಸೋಲಾರ್ ಹಲಗೆಯ ಮೇಲೆ ಬಿತ್ತು. ಮ್ಯಾನೇಜರು ಆ ಫೈಲನ್ನೂ ನನಗೇ ಕಳಿಸಿದರು. ಅದೇ ದಿನ ಒಯ್ದು ಅವರ ಟೇಬಲ್ಲಿನ ಮೇಲಿಟ್ಟೆ.

"ಯಾಕ್ರಿ, ಏನಾತು?" ಎಂದರು.

"ಆಕೀನ ಕಂಡ್ರ ನನಗ ಹೊಟ್ಟಿಕಿಚ್ಚು ಅದರಿ. ಬ್ಯಾರೆ ಯಾರಿಗರೆ ಕೊಡ್ರಿ."

ಮ್ಯಾನೇಜರು ನಕ್ಕರು. ನಾನು ನಗದೆ ನಿಂತಿದ್ದನ್ನು ನೋಡಿ, ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು.